ಉಳಿಸಿಕೊಂಡವರಿಗೆ ರಿಯಾಯಿತಿ ಸಲ್ಲಲಿ

ಹೆಚ್ಚುವರಿ ಕೆಲಸಗಾರರನ್ನು ನೇಮಿಸಿಕೊಂಡ ಮಾಲೀಕರಿಗೆ ತಲಾ ತಿಂಗಳಿಗೆ ₹3,000ವರೆಗೆ ಪ್ರೋತ್ಸಾಹಧನ ಕೊಡುವ ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ 2025ರ ಆಗಸ್ಟ್ 1ರಂದು ಆರಂಭವಾಯಿತು. ನೇಮಕವಾದವರು ಕನಿಷ್ಠ ಆರು ತಿಂಗಳು ಉಳಿಯಬೇಕೆಂಬುದು ಷರತ್ತು. 1961ರ ಆದಾಯ ತೆರಿಗೆ ಕಾಯ್ದೆಯ 80ಜೆಜೆಎಎ ಸೆಕ್ಷನ್ ತಂದ ನಿಯಮ ಇದಕ್ಕಿಂತ ಬಿಗಿ: ಹೊಸಬರ ವೇತನ ವೆಚ್ಚದ ಶೇ 30ರಷ್ಟು ಕಡಿತ ಪಡೆಯಲು, ಸಿದ್ಧ ಉಡುಪಿನಂಥ ಕೆಲವು ಉದ್ಯಮಗಳನ್ನು ಬಿಟ್ಟರೆ, ವರ್ಷಕ್ಕೆ 240 ದಿನಗಳ ದುಡಿಮೆ ಬೇಕು.

ಗುರುಗ್ರಾಮ–ಮಾನೇಸರ್‌ನ ವಾಹನ ಉದ್ಯಮದಲ್ಲಿ ಏಳು ತಿಂಗಳ ತಾತ್ಕಾಲಿಕ ನೇಮಕ ಹಳೆಯ ಪರಿಪಾಠ. ಅಂದರೆ ಸುಮಾರು 210 ದಿನ. ಮೊದಲ ಗೆರೆ ದಾಟುತ್ತದೆ, ಎರಡನೆಯದನ್ನು ಮುಟ್ಟದು. ಸರ್ಕಾರ ಆರು ತಿಂಗಳ ಗೆರೆಯನ್ನು ವರ್ಷಕ್ಕೆ ಸರಿಸಲಿ. ಕೆಲಸ ಕಾಯಂ ಮಾಡಿದವರಿಗೆ ದೊಡ್ಡ ಪಾಲು ಕೊಡಲಿ. ಬಂದುಹೋಗುವವರ ಸಾಲನ್ನು ಬೊಕ್ಕಸದ ದುಡ್ಡಿನಲ್ಲಿ ಬೆಳೆಸುವುದು ಬೇಡ.