ಒಂದೇ ಕಡೆಯಿಂದ ಕಾಣೋ ಗಾಜಂತೆ! ಸುಮ್ನಿರಿ ಸ್ವಾಮಿ...

"ಒಳಗಿಂದ ಹೊರಗೆಲ್ಲ ಕಾಣುತ್ತೆ, ಹೊರಗಿಂದ ಒಳಗೆ ಏನೂ ಕಾಣಲ್ಲ. ಅಂಥಾ ಗಾಜನ್ನ ಅಮೆರಿಕದಲ್ಲಿ ಕಂಡುಹಿಡಿದಿದ್ದಾರಂತೆ!" ಮೊನ್ನೆ ಗೆಳೆಯರೊಬ್ಬರು ಫಾರ್ವರ್ಡ್ ಮಾಡಿದ್ದು. ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು. ಯಾಕಂದ್ರೆ ಅದರ ಹಿಂದಿರೋ ಸಂಶೋಧನೆ ನಿಜವಾದದ್ದು, ಹೇಳಿದ್ದು ಮಾತ್ರ ಸುಳ್ಳು.

2014ರ ಮಾರ್ಚ್‌ನಲ್ಲಿ ಎಂಐಟಿಯ ಯಿಚೆನ್ ಶೆನ್, ಮರಿನ್ ಸೊಲ್ಯಾಚಿಚ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸ ಇದು. ಬಣ್ಣ ನೋಡಿ ಬೆಳಕನ್ನ ಸೋಸೋದು ಹಳೇ ವಿದ್ಯೆ, ಒಂದು ಬಣ್ಣದ ಗಾಜು ಸಾಕು. ಧ್ರುವೀಕರಣ ನೋಡಿ ಸೋಸೋದಕ್ಕೆ ಪೋಲರಾಯ್ಡ್ ಕನ್ನಡಕ ಇದೆ. ಇವರು ಸೋಸಿದ್ದು ಬೆಳಕು ಬೀಳೋ ಕೋನ ನೋಡಿ. ಅದೂ ಕಣ್ಣಿಗೆ ಕಾಣೋ ಬಣ್ಣಗಳನ್ನೆಲ್ಲ ಒಟ್ಟಿಗೆ!

ಉಪಾಯದ ಬೇರು 1815ರಲ್ಲಿದೆ. ಒಂದು ನಿರ್ದಿಷ್ಟ ಕೋನದಲ್ಲಿ ಬಿದ್ದರೆ, ಒಂದು ಬಗೆಯ ಧ್ರುವೀಕರಣದ ಬೆಳಕು ಚೂರೂ ಪ್ರತಿಫಲಿಸದೆ ಒಳಗೆ ಹೋಗುತ್ತೆ. ಆ ಕೋನದ ಸೂತ್ರ ಕೊಟ್ಟವನು ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್. ಎಂಐಟಿಯವರು ಸಿಲಿಕಾ, ಟ್ಯಾಂಟಲಮ್ ಆಕ್ಸೈಡ್ ಎರಡರ ತೆಳು ಪದರಗಳನ್ನ ಒಂದರ ಮೇಲೊಂದು ಹತ್ತಾರು ಸಲ ಪೇರಿಸಿದರು. ಇದೇ ಫೋಟಾನಿಕ್ ಕ್ರಿಸ್ಟಲ್. ಬ್ರೂಸ್ಟರ್ ಕೋನದಲ್ಲಿ ಬಂದ ಬೆಳಕನ್ನ ಯಾವ ಪದರವೂ ತಡೆಯಲ್ಲ. ಬೇರೆ ಕೋನದಲ್ಲಿ ಬಂದರೆ ಪ್ರತಿ ಪದರವೂ ಸ್ವಲ್ಪ ಸ್ವಲ್ಪ ವಾಪಸ್ ಕಳಿಸುತ್ತೆ. ಪದರಗಳ ದಪ್ಪ ಬೇರೆ ಬೇರೆ ಇಟ್ಟಿದ್ದರಿಂದ ಒಂದು ಗುಂಪು ಬಿಟ್ಟ ಬಣ್ಣವನ್ನ ಇನ್ನೊಂದು ಗುಂಪು ತಡೆಯುತ್ತೆ. ಕೊನೆಗೆ ಅದು ಕನ್ನಡಿಯೇ ಆಗಿಬಿಡುತ್ತೆ.

ಈಗ ಫಾರ್ವರ್ಡ್ ಪಂಡಿತರಿಗೆ ನನ್ನ ತಕರಾರು.

ಒಂದು, ಆ ಕೋನದಲ್ಲಿ ಒಳಗೆ ಬಂದ ಬೆಳಕು ಅದೇ ದಾರಿಯಲ್ಲಿ ಹೊರಗೂ ಹೋಗುತ್ತೆ. ನಾನು ನಿಮ್ಮನ್ನ ನೋಡಬಹುದಾದರೆ ನೀವೂ ನನ್ನನ್ನ ನೋಡಬಹುದು. ಕಾರಿನ ಕಪ್ಪು ಗಾಜು ಹಗಲು ಒಳಗಿನವರನ್ನ ಮುಚ್ಚಿಡೋದು ಹೊರಗೆ ಬೆಳಕು ಜಾಸ್ತಿ ಇರೋದರಿಂದ, ಅಷ್ಟೇ. ರಾತ್ರಿ ಒಳಗಡೆ ದೀಪ ಹಾಕಿ ನೋಡಿ, ಬಂಡವಾಳ ಬಯಲು!

ಎರಡು, ಇದು ಆರಿಸೋದು ಕೋನವನ್ನ, ದಿಕ್ಕನ್ನಲ್ಲ. ಅದೇ ಓರೆಯಲ್ಲಿ ಎಡದಿಂದ ಬಂದರೂ ಬಲದಿಂದ ಬಂದರೂ ಒಂದೇ.

ಮೂರು, ಆ ಪ್ರಯೋಗದಲ್ಲಿ ಗಾಜು ಮುಳುಗಿದ್ದು ದ್ರವದೊಳಗೆ! ಈ ಎರಡು ವಸ್ತುಗಳ ಪದರಗಳಲ್ಲಿ ಬ್ರೂಸ್ಟರ್ ಕೋನ ಸಿಗೋ ಹಾಗೆ ಗಾಳಿಯಿಂದ ಬೆಳಕು ಬಿಡೋಕೆ ಆಗಲ್ಲ. ಸಿಲಿಕಾದಷ್ಟೇ ವಕ್ರೀಭವನಾಂಕ ಇರೋ ದ್ರವದಲ್ಲಿ ಸುಮಾರು 55 ಡಿಗ್ರಿಗೆ ಅದು ಸಿಕ್ಕಿತು. ಅಲ್ಲೂ ದಾಟಿದ್ದು ಒಂದೇ ಬಗೆಯ ಧ್ರುವೀಕರಣ. ಅಂದ್ರೆ ಮಾಮೂಲಿ ಬೆಳಕಲ್ಲಿ ಅರ್ಧಕ್ಕರ್ಧ ಖೋತಾ. ಇಂಥದ್ದನ್ನ ನಿಮ್ಮ ಮನೆ ಕಿಟಕಿಗೆ ಹಾಕ್ತೀರಾ?

ಈ ಮಿತಿಗಳನ್ನ ಹೇಳಿದರೆ ಸಂಶೋಧನೆ ಸಣ್ಣದಾಗಲ್ಲ. ಆಕಾಶದಲ್ಲಿ ಸೂರ್ಯನ ಅಗಲ ಅರ್ಧ ಡಿಗ್ರಿ ಮಾತ್ರ. ಆ ಕೋನದ ಬೆಳಕಿಗಷ್ಟೇ ಬಾಗಿಲು ತೆರೆದು, ಸೋಲಾರ್ ಸೆಲ್‌ನಿಂದ ಬೇರೆ ಕಡೆ ಸೋರಿಹೋಗೋ ಬೆಳಕನ್ನ ತಡೆದರೆ ದಕ್ಷತೆ ಹೆಚ್ಚುತ್ತೆ. ಜಾದೂ ಗಾಜಿನ ಗಲಾಟೆಯಲ್ಲಿ ಈ ಮಾತು ಯಾರ ಕಿವಿಗೂ ಬೀಳಲಿಲ್ಲ.

ಸುಳ್ಳು ಹೇಳಿ ವಿಜ್ಞಾನ ಹರಡಿದರೆ ನಾಳೆ ನಿಜ ಹೇಳಿದಾಗ ನಂಬೋರು ಇರಲ್ಲ. ಕನ್ನಡದಲ್ಲಿ ಬರೆಯೋರು ನಾವೇ ಕೆಲವರು. ನಾವಾದರೂ 'ಆದರೆ' ಅನ್ನೋ ಪದವನ್ನ ನುಂಗದೆ ಬರೆಯೋಣ. ಏನಂತೀರಿ?