ಕಾಗದಕ್ಕೆ ಪರದೆಯ ಹಂಗೇಕೆ?

"ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ಸ್ಕೇಲಿಂಗ್ 100% ಮಾಡಿ ಸಾರ್, ಸರಿ ಹೋಗತ್ತೆ."

ಈ ಮಾತು ಹೇಳುವವರನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸಿ, ಅವರ ಪರದೆಯ ಅಕ್ಷರಗಳನ್ನೆಲ್ಲ ಸಾಸಿವೆ ಕಾಳಿನಷ್ಟು ಮಾಡಿ, ಒಂದು ವಾರ ಕೆಲಸ ಮಾಡಿಸಬೇಕು ಅನ್ನೋದು ನನ್ನ ಬಹುದಿನದ ಆಸೆ. ಬ್ಲಾಗಿಗರಲ್ಲಿ ಅರ್ಧಕ್ಕರ್ಧ ಮಂದಿ ನನ್ನ ಹಾಗೇ ಸಾಫ್ಟ್‌ವೇರ್ ಮಂದಿಯಾದ್ದರಿಂದ ಈ ಜಗಳ ಇಲ್ಲೇ ತೆಗೆಯುತ್ತಿದ್ದೇನೆ. ಉಳಿದವರೂ ಓದಿ. ನಿಮ್ಮ ಕಚೇರಿಯ ಪ್ರಿಂಟರಿಗೂ ಇದೇ ರೋಗ ಇರಬಹುದು!

ರೋಗ ಏನು ಅಂದರೆ, ಹಳೆ ಕಂಪ್ಯೂಟರಿನಲ್ಲಿ ಬಿಲ್ಲು, ರಸೀದಿ, ಸ್ಟಾಕ್ ರಿಪೋರ್ಟು ಎಲ್ಲ ಅಚ್ಚುಕಟ್ಟಾಗಿ ಪ್ರಿಂಟ್ ಆಗ್ತಿರುತ್ತೆ. ಹೊಸ ಲ್ಯಾಪ್‌ಟಾಪ್ ಬರುತ್ತೆ. ಅದೇ ಪ್ರೋಗ್ರಾಂ, ಅದೇ ಪ್ರಿಂಟರು, ಅದೇ ಎ4 ಹಾಳೆ. ಆದರೆ ಲೋಗೋ ಕುಗ್ಗಿ ಮೂಲೆ ಸೇರಿರುತ್ತೆ, ಅಂಕಿಗಳು ಗೆರೆ ದಾಟಿ ಪಕ್ಕದ ಮನೆಗೆ ಹೋಗಿರುತ್ತವೆ, ಕೊನೆಯ ಕಾಲಂ ಎರಡನೇ ಪುಟಕ್ಕೆ ವಲಸೆ ಹೋಗಿರುತ್ತೆ. ಸಪೋರ್ಟಿಗೆ ಫೋನ್ ಮಾಡಿದರೆ ಮೇಲಿನ ಮಂತ್ರ.

ಆ ಮಂತ್ರದ ಬೆಲೆ ಲೆಕ್ಕ ಹಾಕೋಣ. 14 ಇಂಚಿನ ಪರದೆಯಲ್ಲಿ 1920 × 1080 ಚುಕ್ಕೆಗಳಿದ್ದರೆ ಇಂಚಿಗೆ ಸುಮಾರು 157 ಚುಕ್ಕೆ ಆಯ್ತು. ವಿಂಡೋಸ್ 100% ಅಂದಾಗ 96 ಚುಕ್ಕೆಯನ್ನು ಒಂದು ಇಂಚು ಅಂತ ಎಣಿಸುತ್ತೆ. ಅಂದರೆ ಆ ಪರದೆಯಲ್ಲಿ 'ಒಂದು ಇಂಚು' ಅನ್ನಿಸಿಕೊಂಡದ್ದು ನಿಜವಾಗಿ 0.61 ಇಂಚು. 15.6 ಇಂಚಿನ 4ಕೆ ಪರದೆಯಾದರೆ ಇಂಚಿಗೆ 282 ಚುಕ್ಕೆ, ಕೇಳೋದೇ ಬೇಡ. 150%, 200% ಸ್ಕೇಲಿಂಗ್ ಯಾರದೋ ಶೋಕಿಗೆ ಬಂದದ್ದಲ್ಲ ಕಣ್ರೀ, ಅಕ್ಷರ ಕಣ್ಣಿಗೆ ಕಾಣಲಿ ಅಂತ ಬಂದದ್ದು. ಅದರಲ್ಲೂ ನಮ್ಮ ಕನ್ನಡ... ಇಂಗ್ಲಿಷಿನ ಅಕ್ಷರ ಸಣ್ಣದಾದರೂ ಊಹಿಸಿ ಓದಬಹುದು. ನಮ್ಮ ಒತ್ತಕ್ಷರ ಕುಗ್ಗಿದರೆ ಯಾವ ಒತ್ತು ಅಂತ ದೇವರೇ ಹೇಳಬೇಕು.

ನನಗೆ ಗೊತ್ತಿರುವ ಒಂದು ಸಂಘದ ಕಚೇರಿಯಲ್ಲಿ ಐವತ್ತು ದಾಟಿದ ಲೆಕ್ಕಿಗರೊಬ್ಬರಿದ್ದಾರೆ. ಅವರು ದಿನಾ ಸಂಜೆ ಸ್ಕೇಲಿಂಗ್ 100% ಮಾಡಿ, ಸೈನ್ ಔಟ್ ಆಗಿ, ಮತ್ತೆ ಒಳಬಂದು, ಕನ್ನಡಕ ಮೇಲೆತ್ತಿ ಪರದೆಗೆ ಮೂಗು ತಾಗಿಸಿ, ಅಂದಿನ ರಸೀದಿಗಳನ್ನು ಪ್ರಿಂಟ್ ಮಾಡಿ, ವಾಪಸ್ 150% ಮಾಡಿಕೊಳ್ಳುತ್ತಾರೆ. ದುಡ್ಡಿನ ಅಂಕಿ ನೋಡುವ ಹೊತ್ತಿಗೇ ಅಕ್ಷರ ಅತಿ ಸಣ್ಣ! "ಏನ್ ಮಾಡೋದಪ್ಪಾ, ಕಂಪ್ಯೂಟರೇ ಹಾಗೆ" ಅಂತಾರೆ. ಕಂಪ್ಯೂಟರ್ ಹಾಗಲ್ಲ ಸಾರ್. ಹಾಗಿರುವುದು ಪ್ರೋಗ್ರಾಂ ಬರೆದವರ ತಲೆ.

ಯಾಕೆ ಅಂತ ಹೇಳ್ತೀನಿ. ಕಾಗದದ ಅಳತೆ ಇಂಚು, ಮಿಲಿಮೀಟರು. ಎ4 ಅಂದರೆ 210 × 297 ಮಿ.ಮೀ., ಯಾವ ಮಾನಿಟರ್ ತಂದಿಟ್ಟರೂ ಅಷ್ಟೇ. ಅಕ್ಷರದ ಪಾಯಿಂಟು ಒಂದು ಇಂಚಿನ 72ನೇ ಒಂದು ಭಾಗ, ಅದೂ ಬದಲಾಗಲ್ಲ. ಬದಲಾಗುವುದು ಪರದೆಯ ಪಿಕ್ಸೆಲ್ ಒಂದೇ. ಎಷ್ಟೋ ರಿಪೋರ್ಟ್ ಕೋಡು ಆ ಪಿಕ್ಸೆಲನ್ನೇ ಗಜಕಡ್ಡಿ ಮಾಡಿಕೊಂಡು ಕೂತಿದೆ. ಪರದೆ ಅಂದರೆ 96 ಡಿಪಿಐ ಅಂತ ಎಲ್ಲರೂ ನಂಬಿದ್ದ ಕಾಲದಲ್ಲಿ ಅದು ನಡೆಯಿತು.

ಡಾಟ್‌ನೆಟ್‌ನವರಿಗೆ ಒಂದು ಉದಾಹರಣೆ. 400 ಪಿಕ್ಸೆಲ್ ಅಗಲದ ಹೊಸ ಬಿಟ್‌ಮ್ಯಾಪ್ ಮಾಡಿದಿರಿ ಅನ್ನಿ. ನೀವು ರೆಸಲ್ಯೂಷನ್ ಹೇಳದಿದ್ದರೆ ಅದು ಪರದೆಯ ಡಿಪಿಐ ಅನ್ನೇ ತನ್ನದು ಅಂದುಕೊಳ್ಳುತ್ತೆ. 96 ಇದ್ದಾಗ ಅದು 4.17 ಇಂಚು. ಸ್ಕೇಲಿಂಗ್ 125% ಆಗಿ, ಪ್ರೋಗ್ರಾಂ ಡಿಪಿಐ-ಅವೇರ್ ಆಗಿದ್ದರೆ ಪರದೆ 120 ಅನ್ನುತ್ತೆ, ಅದೇ ಚಿತ್ರ 3.33 ಇಂಚಾಗುತ್ತೆ. ಅಗಲ-ಎತ್ತರ ಕೊಡದೆ ಬರೀ ಜಾಗ ಹೇಳಿ ಡ್ರಾಇಮೇಜ್ ಕರೆದರೆ ಕಾಗದದ ಮೇಲೆ ಬರುವುದು ಆ ಕುಗ್ಗಿದ ಚಿತ್ರವೇ. ಪಕ್ಕದ ಅಕ್ಷರಗಳು ಪಾಯಿಂಟಿನಲ್ಲಿರುವುದರಿಂದ ಕುಗ್ಗಲ್ಲ. ಗೆರೆ-ಅಕ್ಷರಗಳ ಸಂಸಾರ ಒಡೆಯುವುದು ಹೀಗೆ.

"ಹತ್ತು ವರ್ಷದಿಂದ ಚೆನ್ನಾಗೇ ಇತ್ತಲ್ಲ?" ಅಂತ ಕೇಳುವವರಿಗೆ: ಡಿಪಿಐ ಗೊತ್ತಿಲ್ಲದ ಪ್ರೋಗ್ರಾಂಗೆ ವಿಂಡೋಸ್ ಯಾವಾಗಲೂ 96 ಅಂತ ಸುಳ್ಳು ಹೇಳಿ, ಅದರ ಕಿಟಕಿಯನ್ನು ತಾನೇ ಹಿಗ್ಗಿಸಿ ತೋರಿಸುತ್ತೆ. ಆ ಸುಳ್ಳಿನ ನೆರಳಲ್ಲಿ ಪ್ರಿಂಟ್ ಸರಿಯಾಗಿ ಬರ್ತಿತ್ತು. ಒಂದು ದಿನ ಯಾರೋ ಹೊಸ ಲೈಬ್ರರಿ ಸೇರಿಸುತ್ತಾರೆ. ಅದು ಒಳಗೊಳಗೇ ಡಬ್ಲ್ಯುಪಿಎಫ್ ಲೋಡ್ ಮಾಡಿದರೆ ಸಾಕು, ಪ್ರೋಗ್ರಾಂ ನಡುದಾರಿಯಲ್ಲೇ ಡಿಪಿಐ-ಅವೇರ್ ಆಗಿಬಿಡಬಹುದು. ಸುಳ್ಳು ನಿಂತಿತು, ರಿಪೋರ್ಟ್ ಕೆಟ್ಟಿತು.

ಇದು ಬರೀ ಅಂದಚಂದದ ಮಾತಲ್ಲ. ಅಂಗಡಿ ಸಾಮಾನಿನ ಮೇಲಿನ ಇಎಎನ್-13 ಬಾರ್‌ಕೋಡಿನ ಮೂಲ ಅಗಲ, ಅಕ್ಕಪಕ್ಕದ ಖಾಲಿ ಜಾಗವೂ ಸೇರಿ, 37.29 ಮಿ.ಮೀ. ಅದನ್ನು 80%ವರೆಗೆ ಕುಗ್ಗಿಸಲು ಮಾತ್ರ ಅನುಮತಿ. 125% ಸ್ಕೇಲಿಂಗಿನಲ್ಲಿ ಮೇಲಿನ ತಪ್ಪು ನಡೆದರೆ ಸರಿಯಾಗಿ 80%ಗೆ ಬಂದು ಅಂಚಿನಲ್ಲಿ ನಿಲ್ಲುತ್ತೆ. 150% ಆದರೆ 67%, ನಿಯಮದ ಆಚೆ. ಸ್ಕ್ಯಾನರ್ ಓದದಿದ್ದರೆ ಬೈಸಿಕೊಳ್ಳುವವರು ಯಾರು? ಕೌಂಟರಿನಲ್ಲಿ ನಿಂತ ಹುಡುಗಿ.

ಹಾಗಾದರೆ ಹುಡುಕುವುದು ಹೇಗೆ? ಹತ್ತು ರೂಪಾಯಿಯ ಸ್ಕೇಲು ಸಾಕು. ಯಾವುದು ಕುಗ್ಗುತ್ತಿದೆಯೋ ಅದೇ ದಾರಿಯಲ್ಲಿ, ಅಂದರೆ ಚಿತ್ರವಾದರೆ ಚಿತ್ರದೊಳಗೇ, 100 ಮಿ.ಮೀ. ಗೆರೆ ಎಳೆದು ಪ್ರಿಂಟ್ ಮಾಡಿ ಅಳೆಯಿರಿ.

- 80, 67 ಅಥವಾ 50 ಮಿ.ಮೀ. ಬಂದರೆ: ಕ್ರಮವಾಗಿ 125, 150, 200% ಸ್ಕೇಲಿಂಗ್‌ನ ಕಿತಾಪತಿ.
- 125 ಅಥವಾ 150 ಬಂದರೆ: ಅದೇ ತಪ್ಪು ತಿರುವುಮುರುವು. ಹಿಗ್ಗಿದ ಪಿಕ್ಸೆಲ್ ಎಣಿಸಿ ಅದನ್ನು 96ರಿಂದ ಭಾಗಿಸಿದ್ದಾರೆ.
- 75 ಅಥವಾ 133 ಬಂದರೆ: ಎಲ್ಲೋ ಪಾಯಿಂಟಿನ 72ಕ್ಕೂ ಪಿಕ್ಸೆಲಿನ 96ಕ್ಕೂ ಗೊಂದಲವಾಗಿದೆ.
- 94ರಿಂದ 97 ಬಂದರೆ: ಪರದೆ ಪಾಪದ್ದು. ಪ್ರಿಂಟ್ ಡೈಲಾಗಿನ 'ಫಿಟ್ ಟು ಪೇಜ್' ನೋಡಿ. ಲೆಟರ್ ಅಳತೆಯ ಪುಟವನ್ನು ಎ4 ಅಗಲಕ್ಕೆ ಹಿಡಿಸಿದರೇ 97 ಆಗುತ್ತೆ.

ಆಮೇಲೆ ಅದನ್ನೇ ಪಿಡಿಎಫ್‌ಗೆ ಪ್ರಿಂಟ್ ಮಾಡಿ, 'ಆಕ್ಚುಯಲ್ ಸೈಜ್'ನಲ್ಲಿ ಕಾಗದಕ್ಕೆ ಇಳಿಸಿ. ಆಗಲೂ ತಪ್ಪೇ ಬಂದರೆ ಪ್ರೋಗ್ರಾಂನದೇ ಕರಾಮತ್ತು. ಸರಿ ಬಂದರೆ ಮೊದಲ ಸಲದ ಪ್ರಿಂಟರ್ ಡ್ರೈವರಿನ ಸೆಟ್ಟಿಂಗ್ ಕೆದಕಿ.

ಕೋಡಿನ ಮದ್ದೂ ದೊಡ್ಡದೇನಲ್ಲ. ಅಳತೆ ಕೇಳುವುದಿದ್ದರೆ ಪ್ರಿಂಟರಿನ ಗ್ರಾಫಿಕ್ಸನ್ನೇ ಕೇಳಿ, ಫಾರಂನದ್ದನ್ನಲ್ಲ. ಪ್ರಿಂಟ್‌ಡಾಕ್ಯುಮೆಂಟ್ ಇಂಚಿನ ನೂರನೇ ಭಾಗದಲ್ಲಿ ಅಳತೆ ಕೊಡುತ್ತೆ, ಅದನ್ನು ನಂಬಿ. ಬಿಟ್‌ಮ್ಯಾಪಿಗೆ ರೆಸಲ್ಯೂಷನ್ ನೀವೇ ಹೇಳಿ, ಚಿತ್ರ ಬರೆಯುವಾಗ ಅಗಲ-ಎತ್ತರ ಎರಡೂ ಕೊಡಿ. ಮ್ಯಾನಿಫೆಸ್ಟಿನಲ್ಲಿ ಪ್ರೋಗ್ರಾಂನ ಡಿಪಿಐ ಗುಣ ಬರೆದಿಡಿ, ಲೈಬ್ರರಿಗಳ ಮರ್ಜಿಗೆ ಬಿಡಬೇಡಿ. ಬಿಡುಗಡೆಗೆ ಮುಂಚೆ 100, 125, 150ರಲ್ಲಿ ಒಂದೊಂದು ಪ್ರಿಂಟ್ ತೆಗೆದು ಬೆಳಕಿಗೆ ಹಿಡಿದು ನೋಡಿ. ಮೂರು ಹಾಳೆ ಖರ್ಚು!

"ಹಳೆ ಕೋಡ್ ಗುರೂ, ಮುಟ್ಟೋಕಾಗಲ್ಲ" ಅನ್ನುವವರಿದ್ದಾರೆ. ಒಪ್ಪಿದೆ, ಎಲ್ಲವನ್ನೂ ನಾಳೆಯೇ ತಿದ್ದಲು ಆಗಲ್ಲ. ಆದರೆ ಬರೀ ಬ್ಯಾಂಡೇಜ್ ಹಾಕುವುದಿದ್ದರೂ ಒಳ್ಳೆ ಬ್ಯಾಂಡೇಜ್ ಇದೆ. ಪ್ರೋಗ್ರಾಂನ ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಅಲ್ಲಿ ಹೈ ಡಿಪಿಐ ಸೆಟ್ಟಿಂಗ್ಸ್. ಸ್ಕೇಲಿಂಗನ್ನು 'ಸಿಸ್ಟಮ್' ನೋಡಿಕೊಳ್ಳಲಿ ಅಂತ ಆರಿಸಿದರೆ ಆ ಒಂದು ಪ್ರೋಗ್ರಾಂಗೆ ಮಾತ್ರ ಮತ್ತೆ 96ರ ಸುಳ್ಳು ಸಿಗುತ್ತೆ. ಅದರ ಕಿಟಕಿ ಸ್ವಲ್ಪ ಮಸುಕಾಗುತ್ತೆ, ಆದರೆ ಅಕ್ಷರ ದೊಡ್ಡದಾಗೇ ಇರುತ್ತೆ. 2017ರ ವಿಂಡೋಸ್ 10 ಕ್ರಿಯೇಟರ್ಸ್ ಅಪ್‌ಡೇಟ್‌ನಿಂದ ಈ ಆಯ್ಕೆ ಇದೆ. ಇದನ್ನು ಹೇಳಲು ಬೇಕಾಗುವುದು ಎರಡು ನಿಮಿಷ. ಅದೂ ಬಿಟ್ಟು ಬಳಸುವವರ ಇಡೀ ಪರದೆಯನ್ನೇ ಕುಗ್ಗಿಸಿ ಅನ್ನುವುದು ಚಪ್ಪಲಿ ಬಿಗಿಯಾಯ್ತು ಅಂದರೆ ಕಾಲು ಕತ್ತರಿಸಿಕೋ ಅಂದ ಹಾಗೆ.

ಕನ್ನಡ ಬ್ಲಾಗಿಗರಿಗೆ ಈ ಧಾಟಿ ಹೊಸದಲ್ಲ. ಪರದೆಯ ಮೇಲೆ ಕನ್ನಡದ ಬದಲು ಚೌಕದ ಡಬ್ಬಿಗಳು ಬಂದಾಗ "ಇಂಗ್ಲಿಷಲ್ಲೇ ಬರೀರಿ, ತೊಂದರೆನೇ ಇರಲ್ಲ" ಅಂತ ಉಪದೇಶ ಮಾಡಿದವರನ್ನು ಎಷ್ಟು ಜನ ನೋಡಿಲ್ಲ? ಆಗ ನಾವು ಕೇಳಲಿಲ್ಲ, ಫಾಂಟು ಸರಿಯಾಗಬೇಕು ಅಂತ ಹಟ ಹಿಡಿದೆವು. ಸರಿಯಾಯಿತು ತಾನೇ? ಈಗ ಕೋಡ್ ಬರೆಯುವ ಕುರ್ಚಿಯಲ್ಲಿ ಕೂತಿರುವವರು ನಾವೇ. ಅದೇ ಉಪದೇಶ ನಮ್ಮ ಬಾಯಲ್ಲಿ ಬರಬಾರದು.

ಮುಂದಿನ ಸಲ ನಿಮ್ಮ ಟಿಕೆಟ್ ಪಟ್ಟಿಯಲ್ಲಿ 'ಪ್ರಿಂಟ್ ಚಿಕ್ಕದಾಗಿ ಬರ್ತಿದೆ' ಅಂತ ಬಂದರೆ, ಉತ್ತರ ಟೈಪ್ ಮಾಡುವ ಮುಂಚೆ ಆ ಹತ್ತು ರೂಪಾಯಿ ಸ್ಕೇಲು ತೆಗೀರಿ. ಒಪ್ಪದವರು ಕೆಳಗೆ ಬಂದು ಜಗಳ ಆಡಿ, ನಾನು ಇಲ್ಲೇ ಇರ್ತೀನಿ. ಬರುವಾಗ ಪ್ರಿಂಟ್ ಔಟ್ ಅಳೆದುಕೊಂಡು ಬನ್ನಿ ಅಷ್ಟೇ :-)