ಕಳೆ ಔಷಧಿಗೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಭಾಗದ ರೈತ ಬಾಂಧವರೇ, ತಾಯಂದಿರೇ,

ಈ ಸಲ ಕಾಲುವೆಗೆ ನೀರು ಬರುವ ಮೊದಲೇ ನಿಮ್ಮ ಹೊಲದ ಮಣ್ಣು ಪರೀಕ್ಷೆ ಮಾಡಿಸಿ ಎಂದು ಕೈಮುಗಿದು ಕೇಳುತ್ತೇನೆ. ಕಳೆ ಸಾಯದಿದ್ದರೆ ನಾವು ಔಷಧಿಯನ್ನು ಬೈದು, ಮರುಸಲ ಪಂಪಿಗೆ ಇನ್ನೊಂದು ಮುಚ್ಚಳ ಹೆಚ್ಚು ಸುರಿಯುತ್ತೇವೆ. ಎಷ್ಟೋ ಸಲ ಕಾರಣ ಇರುವುದು ಮಣ್ಣಿನಲ್ಲಿ.

ಮೆಕ್ಕೆಜೋಳ ಬಿತ್ತಿದ ಕೂಡಲೇ ಹೊಡೆಯುವ ಅಟ್ರಾಜಿನ್ ನೋಡಿ. ಎರೆಮಣ್ಣಿನ ಜಿಗುಟೂ ಕಳಿತ ಗೊಬ್ಬರದ ಸಾರವೂ ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಕಳೆಯ ಬೇರಿಗೆ ಸಿಗುವುದು ಮಿಕ್ಕಿದ್ದಷ್ಟೇ. ಸಂಡೂರು ಕಡೆಯ ಮಸಾರಿಗೆ ಆ ಹಿಡಿತ ಕಡಿಮೆ. ಎರೆಹೊಲದ ಅಳತೆಯನ್ನೇ ಅಲ್ಲಿ ಹೊಡೆದರೆ, ದೊಡ್ಡ ಮಳೆಗೆ ಔಷಧಿ ಇಳಿದು ಅಂತರ್ಜಲದ ದಾರಿ ಹಿಡಿಯುತ್ತದೆ. ಸಾರವಿಲ್ಲದ ಮಣ್ಣಿನಲ್ಲಿ ಔಷಧಿಯನ್ನು ಕರಗಿಸುವ ಸೂಕ್ಷ್ಮಜೀವಿಗಳೂ ಕಡಿಮೆ. ಉಳಿದ ವಿಷಕ್ಕೆ ಮುಂದಿನ ಬೆಳೆಯ ಸೂರ್ಯಕಾಂತಿ, ಅಲಸಂದೆಯ ಎಲೆ ಅಂಚಿನಿಂದ ಹಳದಿಯಾಗಿ ಒಣಗುತ್ತಾ ಬರಬಹುದು.

ಎಲೆಯ ಮೇಲೆ ಹೊಡೆಯುವ ಔಷಧಿಗಳ ಕಥೆ ಬೇರೆ. ಸಾರಜನಕವಿಲ್ಲದೆ ಸೊರಗಿದ ಕಳೆ ನಿಧಾನ ಬೆಳೆಯುತ್ತದೆ, ಔಷಧಿಯನ್ನೂ ಸರಿಯಾಗಿ ಒಳಗೆ ಎಳೆದುಕೊಳ್ಳುವುದಿಲ್ಲ. ಇಂಥ ಕಳೆಗಳಲ್ಲಿ ಕೆಲವನ್ನು ಹತೋಟಿಗೆ ತರಲು ಹೆಚ್ಚು ಔಷಧಿ ಬೇಕಾಗುತ್ತದೆಂದು ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದರು. ಹಾಗೆಂದು ಕಳೆಗೆ ಯೂರಿಯಾ ಉಣಿಸಬೇಡಿ! ಕಂಪ್ಲಿಯ ಭತ್ತದ ಗದ್ದೆಯಲ್ಲಿ ಮೊದಲು ಕಳೆ ತೆಗೆಸಿ, ಆಮೇಲೆ ಮೇಲುಗೊಬ್ಬರ ಹಾಕಿ. ಹಿಂದುಮುಂದಾದರೆ ನಿಮ್ಮ ದುಡ್ಡಿನ ಗೊಬ್ಬರ ಜೇಕಿನ ಪಾಲು.

ಬದು, ತಿಪ್ಪೆ, ಮರದ ನೆರಳು ಬಿಟ್ಟು ಹೊಲದ ಎಂಟು-ಹತ್ತು ಕಡೆ ಅರ್ಧ ಅಡಿ ಆಳಕ್ಕೆ ಗುಂಡಿ ತೆಗೆಯಿರಿ. ಗುಂಡಿಯ ಪಕ್ಕದಿಂದ ಮೇಲಿಂದ ಕೆಳತನಕ ತೆಳ್ಳಗೆ ಮಣ್ಣು ಕೆತ್ತಿಕೊಳ್ಳಿ. ಎಲ್ಲವನ್ನೂ ಕಲೆಸಿ ನೆರಳಲ್ಲಿ ಒಣಗಿಸಿ, ಅರ್ಧ ಕೆಜಿ ರೈತ ಸಂಪರ್ಕ ಕೇಂದ್ರಕ್ಕೋ ಹಗರಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ಯಿರಿ. ಗೊಬ್ಬರದ ಖಾಲಿ ಚೀಲದಲ್ಲಿ ಮಾತ್ರ ತುಂಬಬೇಡಿ, ಲೆಕ್ಕ ತಪ್ಪುತ್ತದೆ. ಎರೆ, ಮಸಾರಿ ಎರಡೂ ಇದ್ದರೆ ಬೇರೆ ಬೇರೆ ಚೀಲ ಇರಲಿ.

ಪರೀಕ್ಷೆಯಿಂದ ಬಂದ ಚೀಟಿಯಲ್ಲಿ ಮೊದಲು ಸಾವಯವ ಇಂಗಾಲ, ಅಂದರೆ ಮಣ್ಣಿನ ಸಾರ ಎಷ್ಟಿದೆ ನೋಡಿ. ಶೇ. 0.5ಕ್ಕಿಂತ ಕೆಳಗಿದ್ದರೆ ಕಡಿಮೆಯೆಂದೇ ಲೆಕ್ಕ. ಅದನ್ನು ಹೆಚ್ಚಿಸಲು ಭತ್ತದ ಹುಲ್ಲಿಗೆ ಬೆಂಕಿಯಿಡುವುದನ್ನು ದಯವಿಟ್ಟು ನಿಲ್ಲಿಸಿ, ತಿಪ್ಪೆಗೊಬ್ಬರ ಹಾಕಿ, ನಾಟಿಗೆ ಮುಂಚೆ ಡಯಾಂಚ ಬೆಳೆದು ಮಣ್ಣಿಗೆ ಸೇರಿಸಿ. ಔಷಧಿ ಅಂಗಡಿಗೆ ಹೋಗುವಾಗ ಚೀಟಿ ಜೇಬಿನಲ್ಲಿರಲಿ. ನನ್ನ ಮಣ್ಣಿಗೆ ಎಷ್ಟು ಎಂದು ಕೇಳಿ, ಡಬ್ಬದ ಮೇಲಿನ ಅಳತೆ ಮೀರಬೇಡಿ, ರಸೀದಿ ಪಡೆಯಿರಿ.